ನ್ಯೂಯಾರ್ಕ್ ನಗರದ ಆಯ್ಸ್ಟರ್ ಬಾರ್

ಆಯ್ಸ್ಟರ್ ಬಾರ್ ಎಂಬುದು ತಿನ್ನಲು ಯೋಗ್ಯವಾದ ಕಡಲ ಸಿಂಪಿಯನ್ನು ಗಿರಾಕಿಯ ಕಣ್ಣೆದುರಿನಲ್ಲಿಯೇ ಬಿಡಿಸಿ, ಹೆಚ್ಚಾಗಿ ಹಸಿಯಾಗಿಯೇ, ಪುಡಿಮಂಜಿನ ಮೇಲಿಟ್ಟು ಬಡಿಸುವ ಒಂದು ಬಗೆಯ ಭೋಜನಶಾಲೆ. ಯುರೋಪು ಮತ್ತು ಉತ್ತರ ಅಮೆರಿಕದ ಬಂದರು ನಗರಗಳಲ್ಲಿ ಇದು ಬೆಳೆದು ಬಂದಿತು. ಲಂಡನ್, ಬಾಸ್ಟನ್, ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಹೆಸರಾಂತ ಆಯ್ಸ್ಟರ್ ಬಾರ್‌ಗಳಿದ್ದರೂ, ಈ ಸಂಸ್ಥೆಯ ಏಳುಬೀಳುಗಳೆಲ್ಲವನ್ನೂ ಒಂದೇ ಊರಿನಲ್ಲಿ ಕಾಣಬೇಕೆಂದರೆ ನ್ಯೂಯಾರ್ಕನ್ನು ನೋಡಬೇಕು. ತನ್ನದೇ ಕೊಲ್ಲಿಯ ಸಿಂಪಿಯನ್ನು ತಿಂದು ಬೆಳೆದ ಈ ನಗರ, ತನ್ನದೇ ಕೊಳಚೆಯಿಂದ ಅದನ್ನು ಕಳೆದುಕೊಂಡಿತು. ಆ ಬಳಿಕ ದೂರದ ಕಡಲುಗಳಿಂದ ಬಂದ ಸಿಂಪಿಯನ್ನು ತಿನ್ನುವಾಗ ನಗರವಾಸಿಗಳಿಗೆ ಉಳಿದ ಆಧಾರವೆಂದರೆ ಕೌಂಟರಿನ ಆಚೆ ನಿಂತ ಬಾಣಸಿಗನ ಮಾತು ಮತ್ತು ಚೀಲಕ್ಕೆ ಕಟ್ಟಿದ ಒಂದು ಚೀಟಿ.

ಹೆಸರು ಮತ್ತು ಜೀವಿ

ಕನ್ನಡದಲ್ಲಿ ಸಿಂಪಿ, ಸಿಂಪು, ಚಿಪ್ಪು ಎಂಬ ಪದಗಳು ಎರಡು ಕವಾಟಗಳುಳ್ಳ ಹಲವು ಜಲಚರಗಳಿಗೆ ಸಾಮಾನ್ಯವಾಗಿ ಬಳಕೆಯಾಗುತ್ತವೆ. ಸ್ವಾತಿ ಮಳೆಯ ಹನಿ ಸಿಂಪಿಯೊಳಗೆ ಬಿದ್ದು ಮುತ್ತಾಗುತ್ತದೆಂಬ ನಮ್ಮ ಕವಿಸಮಯದಿಂದಾಗಿ, ಸಿಂಪಿ ಎಂದೊಡನೆ ಮುತ್ತಿನ ನೆನಪಾಗುವುದು ಸಹಜ. ಆದರೆ ಬೆಲೆಬಾಳುವ ಮುತ್ತನ್ನು ಕೊಡುವ ಸಿಂಪಿಯೂ ಊಟದ ತಟ್ಟೆಗೆ ಬರುವ ಆಯ್ಸ್ಟರೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಜೀವಿಗಳು. ಈ ಲೇಖನದಲ್ಲಿ ಗೊಂದಲ ತಪ್ಪಿಸಲು ಎರಡನೆಯದನ್ನು ಆಯ್ಸ್ಟರ್ ಎಂದೇ ಕರೆಯಲಾಗಿದೆ.

ಅಮೆರಿಕದ ಪೂರ್ವ ಕರಾವಳಿಯ ಸ್ಥಳೀಯ ಆಯ್ಸ್ಟರಿನ ವೈಜ್ಞಾನಿಕ ಹೆಸರು ಕ್ರಾಸೋಸ್ಟ್ರಿಯಾ ವರ್ಜಿನಿಕಾ. ಇದು ನದಿಯ ಸಿಹಿನೀರು ಕಡಲ ಉಪ್ಪುನೀರಿನೊಡನೆ ಬೆರೆಯುವ ಅಳಿವೆಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮರಿಯಾಗಿರುವಾಗ ಕೆಲವು ವಾರ ನೀರಿನಲ್ಲಿ ತೇಲಾಡಿ, ಅನಂತರ ಗಟ್ಟಿಯಾದ ಒಂದು ಆಸರೆಗೆ, ಅದರಲ್ಲಿಯೂ ಇನ್ನೊಂದು ಆಯ್ಸ್ಟರಿನ ಚಿಪ್ಪಿಗೆ, ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಆಯುಷ್ಯವೆಲ್ಲ ಅಲ್ಲಿಯೇ. ಹೀಗೆ ತಲೆಮಾರಿನ ಮೇಲೆ ತಲೆಮಾರು ಕೂಡಿಕೊಂಡು ನೀರಿನಡಿ ದಿಬ್ಬಗಳು ಏಳುತ್ತವೆ. ಆಯ್ಸ್ಟರ್ ತನ್ನ ಆಹಾರವನ್ನು ನೀರನ್ನು ಸೋಸಿಯೇ ಪಡೆಯುತ್ತದೆ. ಅನುಕೂಲ ಸ್ಥಿತಿಯಲ್ಲಿ ಬೆಳೆದ ಒಂದು ಆಯ್ಸ್ಟರ್ ದಿನಕ್ಕೆ 50 ಗ್ಯಾಲನ್‌ವರೆಗೆ, ಅಂದರೆ ಸುಮಾರು 190 ಲೀಟರ್ ನೀರನ್ನು ಸೋಸಬಲ್ಲದು. ನೀರು ಶುದ್ಧವಿದ್ದರೆ ಇದು ವರ. ನೀರಿನಲ್ಲಿ ರೋಗಾಣುಗಳಿದ್ದರೆ ಅವೂ ಅದರ ಮೈಯಲ್ಲಿ ಸಂಗ್ರಹವಾಗುತ್ತವೆ. ಆಯ್ಸ್ಟರ್ ಬಾರಿನ ಇತಿಹಾಸವೆಲ್ಲ ಈ ಒಂದು ಗುಣದ ಸುತ್ತ ಸುತ್ತುತ್ತದೆ.

ನೆಲಮಾಳಿಗೆಗಳ ಕಾಲ

ಯುರೋಪಿಯನ್ನರು ಬರುವುದಕ್ಕೆ ಬಹಳ ಹಿಂದಿನಿಂದಲೂ ಹಡ್ಸನ್ ನದಿಯ ಅಳಿವೆಯ ಲೆನಾಪೆ ಜನರು ಆಯ್ಸ್ಟರ್ ತಿನ್ನುತ್ತಿದ್ದರು. ಅವರು ಬಿಟ್ಟುಹೋದ ಚಿಪ್ಪಿನ ರಾಶಿಗಳು ಇಂದಿಗೂ ಪುರಾತತ್ತ್ವಜ್ಞರಿಗೆ ಸಿಗುತ್ತವೆ. ಹೆನ್ರಿ ಹಡ್ಸನ್ 1609ರಲ್ಲಿ ಇಲ್ಲಿಗೆ ಬಂದಾಗ ಕೊಲ್ಲಿಯ ತಳದಲ್ಲಿ ಸುಮಾರು 2,20,000 ಎಕರೆಯಷ್ಟು ಆಯ್ಸ್ಟರ್ ದಿಬ್ಬಗಳಿದ್ದುವೆಂದು ಅಂದಾಜಿಸಲಾಗಿದೆ. ಮ್ಯಾನ್‌ಹಾಟನ್ನಿನ ಪರ್ಲ್ ಸ್ಟ್ರೀಟಿಗೆ ಆ ಹೆಸರು ಬಂದುದು ದಡದ ಚಿಪ್ಪಿನ ರಾಶಿಗಳಿಂದ. ಇಂದು ಸ್ವಾತಂತ್ರ್ಯದೇವಿಯ ಪ್ರತಿಮೆ ನಿಂತಿರುವ ಲಿಬರ್ಟಿ ದ್ವೀಪವನ್ನೂ ವಲಸಿಗರ ಹೆಬ್ಬಾಗಿಲಾಗಿದ್ದ ಎಲ್ಲಿಸ್ ದ್ವೀಪವನ್ನೂ ಡಚ್ಚರ ಕಾಲದಲ್ಲಿ ದೊಡ್ಡ ಆಯ್ಸ್ಟರ್ ದ್ವೀಪ, ಚಿಕ್ಕ ಆಯ್ಸ್ಟರ್ ದ್ವೀಪ ಎಂದು ಕರೆಯುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಆಯ್ಸ್ಟರ್ ನ್ಯೂಯಾರ್ಕಿನ ಬಡವ ಬಲ್ಲಿದರಿಬ್ಬರ ಆಹಾರವೂ ಆಗಿತ್ತು. ಬೀದಿಯ ಗಾಡಿಗಳಲ್ಲಿ, ನದಿಯ ದಂಡೆಗೆ ಕಟ್ಟಿ ನಿಲ್ಲಿಸಿದ್ದ ಎರಡಂತಸ್ತಿನ ತೇಲುವ ಮಾರುಕಟ್ಟೆಗಳಲ್ಲಿ ಅದು ಮಾರಾಟವಾಗುತ್ತಿತ್ತು. ಇವುಗಳ ಜೊತೆಗೆ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಆಯ್ಸ್ಟರ್ ಸೆಲ್ಲರುಗಳು ಹುಟ್ಟಿಕೊಂಡವು. ಮೆಟ್ಟಿಲಿನ ಮೇಲೆ ತೂಗಿಬಿಟ್ಟ, ಒಳಗೆ ದೀಪವುರಿಯುವ ಕೆಂಪು ಬಟ್ಟೆಯ ಬುಡ್ಡೆಯೇ ಅವುಗಳ ಗುರುತು. ಕೆನಾಲ್ ಸ್ಟ್ರೀಟಿನ ಅಗ್ಗದ ಸೆಲ್ಲರುಗಳಲ್ಲಿ ಆರು ಸೆಂಟು ಕೊಟ್ಟರೆ ಹೊಟ್ಟೆ ತುಂಬುವಷ್ಟು ತಿನ್ನಬಹುದಾಗಿತ್ತು. ಇಂಥ ಅನೇಕ ಜಾಗಗಳಿಗೆ ಒಳ್ಳೆಯ ಹೆಸರಿರಲಿಲ್ಲ. ಮರ್ಯಾದಸ್ಥರು ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದವನು ಥಾಮಸ್ ಡೌನಿಂಗ್. ಈತ 1791ರಲ್ಲಿ ವರ್ಜಿನಿಯಾದ ಚಿಂಕೊಟೀಗ್ ದ್ವೀಪದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಕರಿಯ ದಂಪತಿಗಳ ಮಗನಾಗಿ ಹುಟ್ಟಿದನು. ಚಿಕ್ಕಂದಿನಿಂದಲೇ ಆಯ್ಸ್ಟರ್ ಹೆಕ್ಕುವುದನ್ನು ಕಲಿತಿದ್ದ ಇವನು 1819ರಲ್ಲಿ ನ್ಯೂಯಾರ್ಕಿಗೆ ಬಂದು, 1825ರಲ್ಲಿ ಬ್ರಾಡ್ ಸ್ಟ್ರೀಟಿನಲ್ಲಿ ತನ್ನ ಸೆಲ್ಲರನ್ನು ತೆರೆದನು. ಕನ್ನಡಿ, ನೆಲಹಾಸು, ತೂಗುದೀಪಗಳಿದ್ದ ಈ ಜಾಗಕ್ಕೆ ವಾಲ್ ಸ್ಟ್ರೀಟಿನ ಬ್ಯಾಂಕರುಗಳೂ ರಾಜಕಾರಣಿಗಳೂ ಕುಟುಂಬ ಸಮೇತರಾಗಿ ಬರತೊಡಗಿದರು. ಅವನ ಯಶಸ್ಸಿನ ಗುಟ್ಟು ಅಲಂಕಾರಕ್ಕಿಂತಲೂ ಕೊಳ್ಳುವಿಕೆಯಲ್ಲಿತ್ತು. ಬೆಳಕು ಹರಿಯುವ ಮುನ್ನವೇ ದೋಣಿಯಲ್ಲಿ ಹೋಗಿ, ಒಳಬರುವ ಆಯ್ಸ್ಟರ್ ದೋಣಿಗಳ ನಾವಿಕರಿಂದ ಉತ್ತಮವಾದುದನ್ನು ತಾನೇ ಆರಿಸಿ ಕೊಳ್ಳುತ್ತಿದ್ದನು. ಚಾರ್ಲ್ಸ್ ಡಿಕನ್ಸ್‌ನ ಗೌರವಾರ್ಥ 1842ರ ಫೆಬ್ರವರಿಯಲ್ಲಿ ನಗರವು ಏರ್ಪಡಿಸಿದ ಭಾರೀ ನೃತ್ಯಕೂಟಕ್ಕೆ ಊಟ ಒದಗಿಸಿದವನೂ ಇವನೇ. ಇವನು ಕಳುಹಿಸಿದ ಆಯ್ಸ್ಟರುಗಳಿಗೆ ಮೆಚ್ಚಿ ವಿಕ್ಟೋರಿಯಾ ರಾಣಿ ಚಿನ್ನದ ಗಡಿಯಾರವನ್ನು ಉಡುಗೊರೆಯಾಗಿ ಕೊಟ್ಟಳೆಂದು ಹೇಳಲಾಗುತ್ತದೆ.

ಡೌನಿಂಗ್ ಗುಲಾಮಗಿರಿಯ ವಿರುದ್ಧ ಸಕ್ರಿಯನಾಗಿ ದುಡಿದವನು. ಮೇಲೆ ಬಿಳಿಯ ಗಣ್ಯರು ಊಟ ಮಾಡುತ್ತಿರುವಾಗ ಕೆಳಗಿನ ಉಗ್ರಾಣಗಳಲ್ಲಿ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರು ಅಡಗಿರುತ್ತಿದ್ದರು. ಕೆನಡಾದತ್ತ ಅವರನ್ನು ಸಾಗಿಸುವ ಗುಪ್ತ ಜಾಲದಲ್ಲಿ ಅವನ ಸೆಲ್ಲರು ಒಂದು ತಂಗುದಾಣವಾಗಿತ್ತು. ಜನ್ಮತಃ ಅಮೆರಿಕದಲ್ಲಿ ಹುಟ್ಟಿದ ಕರಿಯರೂ ದೇಶದ ಪ್ರಜೆಗಳೆಂದು ಘೋಷಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಗೆ ಬಂದುದು 1866ರ ಏಪ್ರಿಲ್ 9ರಂದು. ಡೌನಿಂಗ್ ತೀರಿಕೊಂಡದ್ದು ಮರುದಿನ, ಏಪ್ರಿಲ್ 10ರಂದು. ಅವನ ಗೌರವಾರ್ಥವಾಗಿ ನಗರದ ವಾಣಿಜ್ಯ ಮಂಡಳಿ ಬಾಗಿಲು ಮುಚ್ಚಿತು. ದೇಶದ ಅತಿ ಪ್ರಸಿದ್ಧ ಆಯ್ಸ್ಟರ್ ಶಾಲೆಯ ಒಡೆಯನು ಆ ದೇಶದ ಪ್ರಜೆಯಾಗಿ ಬದುಕಿದ್ದು ಒಂದೇ ದಿನ.

ಆಯ್ಸ್ಟರ್ ಉದ್ಯಮದಲ್ಲಿ ಕರಿಯರ ಪಾತ್ರ ಡೌನಿಂಗನೊಬ್ಬನಿಗೆ ಸೀಮಿತವಾಗಿರಲಿಲ್ಲ. ಸ್ಟೇಟನ್ ದ್ವೀಪದ ಸ್ಯಾಂಡಿ ಗ್ರೌಂಡ್ ಎಂಬ ಹಳ್ಳಿಯನ್ನು ಕಟ್ಟಿದವರಲ್ಲಿ ಮೇರಿಲ್ಯಾಂಡಿನ ಸ್ನೋ ಹಿಲ್‌ನಿಂದ ವಲಸೆ ಬಂದ ಸ್ವತಂತ್ರ ಕರಿಯ ಆಯ್ಸ್ಟರ್ ಕೆಲಸಗಾರರು ಮುಖ್ಯರು. ಅವರು ತಮ್ಮದೇ ದೋಣಿ, ಮನೆ, ಇಗರ್ಜಿಗಳನ್ನು ಹೊಂದಿ ಸ್ವಾವಲಂಬಿಗಳಾಗಿ ಬದುಕಿದರು.

ಕೊಳಚೆ ಮತ್ತು ವಿಷಮಶೀತ ಜ್ವರ

ನಗರ ಬೆಳೆದಂತೆ ಅದರ ಹೊಲಸೆಲ್ಲ ಸಂಸ್ಕರಣೆಯಿಲ್ಲದೆ ಕೊಲ್ಲಿಗೆ ಹರಿಯಿತು. ಅದೇ ನೀರನ್ನು ಸೋಸಿ ಬದುಕುವ ಆಯ್ಸ್ಟರನ್ನು ಅದೇ ನಗರದ ಜನ ಹಸಿಯಾಗಿ ತಿನ್ನುತ್ತಿದ್ದರು. ಸ್ಟೇಟನ್ ದ್ವೀಪದ ಆಯ್ಸ್ಟರ್ ಹಾಸುಗಳನ್ನು 1916ರಲ್ಲಿ ನಗರದ ಆರೋಗ್ಯ ಇಲಾಖೆ ಅಯೋಗ್ಯವೆಂದು ಸಾರಿತು. ಸ್ಯಾಂಡಿ ಗ್ರೌಂಡಿನ ಬದುಕು ಅದರೊಂದಿಗೆ ಕುಸಿಯಿತು. ಆ ಹಳ್ಳಿಯ ಕೊನೆಯ ತಲೆಮಾರಿನ ಚಿತ್ರವನ್ನು ಜೋಸೆಫ್ ಮಿಚೆಲ್ ಎಂಬ ಪತ್ರಕರ್ತನು 1956ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಓದಬಹುದು. ಅನಂತರ ಜಮೈಕಾ ಕೊಲ್ಲಿಯ ಹಾಸುಗಳೂ ಮುಚ್ಚಿದವು. 1927ರ ಹೊತ್ತಿಗೆ ನ್ಯೂಯಾರ್ಕ್ ನಗರದ ಕಟ್ಟಕಡೆಯ ಹಾಸು ಮುಚ್ಚಿತು.

ಇದರ ನಡುವೆ, 1924ರ ಚಳಿಗಾಲದಲ್ಲಿ ಚಿಕಾಗೊ, ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳಲ್ಲಿ ಏಕಕಾಲಕ್ಕೆ ವಿಷಮಶೀತ ಜ್ವರ (ಟೈಫಾಯ್ಡ್) ಕಾಣಿಸಿಕೊಂಡಿತು. ಸುಮಾರು 1,500 ಮಂದಿ ಕಾಯಿಲೆ ಬಿದ್ದು, ಸುಮಾರು 150 ಮಂದಿ ಮರಣ ಹೊಂದಿದರು. ತನಿಖೆ ನಡೆಸಿದಾಗ ಲಾಂಗ್ ಐಲ್ಯಾಂಡಿನ ವೆಸ್ಟ್ ಸೇವಿಲ್‌ನಿಂದ ರವಾನೆಯಾಗಿದ್ದ ಆಯ್ಸ್ಟರ್‌ಗಳತ್ತ ಬೆರಳು ತೋರಿತು. ದೇಶದೆಲ್ಲೆಡೆ ಆಯ್ಸ್ಟರ್ ವ್ಯಾಪಾರ ಕುಸಿದುಬಿದ್ದಿತು. ಆಗ ಉದ್ಯಮದವರೇ ಸರ್ಕಾರದ ಮೇಲ್ವಿಚಾರಣೆಯನ್ನು ಬೇಡಿದರು. ಇದರ ಫಲವಾಗಿ 1925ರಲ್ಲಿ ರಾಷ್ಟ್ರೀಯ ಚಿಪ್ಪುಜೀವಿ ನೈರ್ಮಲ್ಯ ವ್ಯವಸ್ಥೆಯೊಂದು ರೂಪುಗೊಂಡಿತು. ಪರೀಕ್ಷಿಸಿ ಅನುಮತಿ ಕೊಟ್ಟ ನೀರಿನಿಂದ ಮಾತ್ರ ಆಯ್ಸ್ಟರ್ ಎತ್ತಬೇಕು ಮತ್ತು ಅದು ಎಲ್ಲಿಂದ ಬಂದಿತೆಂಬುದನ್ನು ತಟ್ಟೆಯಿಂದ ಹಿಂದಕ್ಕೆ ಹುಡುಕಲು ಸಾಧ್ಯವಿರಬೇಕು ಎಂಬ ಎರಡು ತತ್ತ್ವಗಳು ಅದರ ಬುನಾದಿ.

ಈ ಎರಡನೆಯ ತತ್ತ್ವದ ರೂಪವೇ ಚೀಲದ ಚೀಟಿ. ಆಯ್ಸ್ಟರ್ ತುಂಬಿದ ಪ್ರತಿಯೊಂದು ಚೀಲಕ್ಕೂ ಎತ್ತಿದ ಸ್ಥಳ, ಎತ್ತಿದ ದಿನಾಂಕ, ವ್ಯಾಪಾರಿಯ ಅನುಮತಿ ಸಂಖ್ಯೆಗಳಿರುವ ಚೀಟಿಯನ್ನು ಕಟ್ಟಿರಬೇಕು. ಚೀಲ ಖಾಲಿಯಾಗುವವರೆಗೆ ಅದನ್ನು ಕೀಳುವಂತಿಲ್ಲ. ಖಾಲಿಯಾದ ಮೇಲೂ ಭೋಜನಶಾಲೆಯವರು 90 ದಿನ ಅದನ್ನು ಜೋಪಾನವಾಗಿ ಇಟ್ಟಿರಬೇಕು. ಯಾರಾದರೂ ಕಾಯಿಲೆ ಬಿದ್ದರೆ ಆರೋಗ್ಯಾಧಿಕಾರಿಗಳು ಮೊದಲು ಕೇಳುವುದು ಈ ಚೀಟಿಗಳ ಕಂತೆಯನ್ನು.

ಗ್ರ್ಯಾಂಡ್ ಸೆಂಟ್ರಲ್ ಆಯ್ಸ್ಟರ್ ಬಾರ್

ನಗರದ ಹಾಸುಗಳು ಅಂತ್ಯಕಾಲದಲ್ಲಿದ್ದಾಗಲೇ ಅದರ ಅತಿ ದೊಡ್ಡ ಆಯ್ಸ್ಟರ್ ಶಾಲೆ ತೆರೆದುಕೊಂಡಿತು. 1913ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ ಉದ್ಘಾಟನೆಯಾದಾಗ ಅದರ ಕೆಳ ಅಂತಸ್ತಿನಲ್ಲಿ ಪ್ರಯಾಣಿಕರಿಗಾಗಿ ಈ ಭೋಜನಶಾಲೆಯನ್ನು ಆರಂಭಿಸಲಾಯಿತು. ಇದರ ಚಾವಣಿ ವಾಸ್ತುಶಿಲ್ಪದ ವಿದ್ಯಾರ್ಥಿಗಳು ನೋಡಲೇಬೇಕಾದುದು. ಸ್ಪೇನಿನಿಂದ ಬಂದ ಗ್ವಾಸ್ತವಿನೊ ಕುಟುಂಬದ ವಿಧಾನದಂತೆ ತೆಳುವಾದ ಸುಟ್ಟ ಬಿಲ್ಲೆಗಳನ್ನು ಪದರಪದರವಾಗಿ ಗಾರೆಯಲ್ಲಿ ಕೂಡಿಸಿ, ಒಳಗೆ ಉಕ್ಕಿನ ತೊಲೆಗಳಿಲ್ಲದೆ ತಗ್ಗಾದ ಕಮಾನುಗಳನ್ನು ಕಟ್ಟಲಾಗಿದೆ. ಬಾಗಿಲ ಹೊರಗಿನ ಕಮಾನಿನ ಒಂದು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ವಿಜಾಪುರದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯನ್ನು ಕಂಡವರಿಗೆ ಇದರ ತತ್ತ್ವ ಹೊಸದಲ್ಲ.

ದೂರ ಪ್ರಯಾಣದ ರೈಲುಗಳು ಕಡಿಮೆಯಾದಂತೆ ಭೋಜನಶಾಲೆಯೂ ಕಳೆಗುಂದಿ 1972ರಲ್ಲಿ ಮುಚ್ಚಿತು. ಜೆರೋಮ್ ಬ್ರೋಡಿ ಎಂಬ ಅನುಭವಿ ಉದ್ಯಮಿ 1974ರಲ್ಲಿ ಅದನ್ನು ಪುನಃ ತೆರೆದು, ಕಡಲ ಆಹಾರಕ್ಕೆ ಮೀಸಲಾಗಿಸಿದನು. ಇಂದು ನಾವು ಕಾಣುವ ಸ್ವರೂಪ ಬಹುಮಟ್ಟಿಗೆ ಅವನ ಕಾಲದ್ದು. 1997ರಲ್ಲಿ ಬೆಂಕಿ ಬಿದ್ದು ಚಾವಣಿಯ ಬಿಲ್ಲೆಗಳು ಹಾಳಾದವು. ಅವುಗಳನ್ನು ಮೊದಲಿನಂತೆಯೇ ಸರಿಪಡಿಸಲಾಯಿತು. ಕೋವಿಡ್ ಸಾಂಕ್ರಾಮಿಕದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿ, ನಡುವೆ ಸ್ವಲ್ಪಕಾಲ ತೆರೆದು, 2021ರಲ್ಲಿ ಮತ್ತೆ ಆರಂಭವಾಯಿತು.

ಒಳಗೆ ಊಟದ ಮೇಜುಗಳಿರುವ ದೊಡ್ಡ ಕೋಣೆಯೂ ಹಾವಿನಂತೆ ಬಳುಕುವ ತಗ್ಗಾದ ಕೌಂಟರುಗಳೂ ಇವೆ. ಇವುಗಳಿಗಿಂತ ಬೇರೆಯಾಗಿ, ಆಯ್ಸ್ಟರ್ ಬಿಡಿಸುವವರ ಎದುರಿಗೇ ಕುಳಿತುಕೊಳ್ಳುವ ಒಂದು ಕೌಂಟರ್ ಇದೆ. ಹೆಸರಿಗೆ ತಕ್ಕ ಬಾರ್ ಎಂದರೆ ಅದೇ. ಅಲ್ಲಿ ಹಸಿ ಆಯ್ಸ್ಟರಿನಷ್ಟೇ ಹೆಸರಾದ ಇನ್ನೊಂದು ತಿನಿಸು ಪ್ಯಾನ್ ರೋಸ್ಟ್. ಹೆಸರು ಹುರಿದದ್ದೆಂಬ ಭಾವನೆ ಕೊಟ್ಟರೂ ಇದು ಹುರಿದದ್ದಲ್ಲ. ಗೋಡೆಯೊಳಗೆ ಉಗಿ ಹಾಯುವ ಲೋಹದ ಬೋಗುಣಿಗಳಲ್ಲಿ ಬೆಣ್ಣೆ, ಚಿಪ್ಪುಮೀನಿನ ರಸ, ಮೆಣಸಿನಕಾಯಿಯ ಸಾಸು, ಕೆನೆ ಸೇರಿಸಿ ಆಯ್ಸ್ಟರನ್ನು ಅಂಚು ಸುರುಟಿಕೊಳ್ಳುವವರೆಗೆ ಮಾತ್ರ ಬೇಯಿಸಿ, ಸುಟ್ಟ ಬ್ರೆಡ್ಡಿನ ಮೇಲೆ ಸುರಿಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ರೈಲು ಹಿಡಿಯುವ ಅವಸರದವರಿಗೆ ಹೇಳಿ ಮಾಡಿಸಿದ್ದು.

ಬಾಣಸಿಗನೊಡನೆ ಮಾತು

ಬೇರೆ ಭೋಜನಶಾಲೆಗಳಲ್ಲಿ ಬಾಣಸಿಗನು ಗೋಡೆಯ ಹಿಂದಿರುತ್ತಾನೆ. ಅವನ ಕೆಲಸ ನಾಲಗೆಗೆ ತಿಳಿಯುತ್ತದೆಯೇ ಹೊರತು ಕಣ್ಣಿಗೆ ಕಾಣುವುದಿಲ್ಲ. ಆಯ್ಸ್ಟರ್ ಬಾರಿನಲ್ಲಿ ಅಡುಗೆಯೇ ಇಲ್ಲವೆನ್ನಬಹುದು. ಕೊಳ್ಳುವುದು, ಕಾಪಾಡುವುದು, ಬಿಡಿಸುವುದು ಇವು ಮೂರೇ ಇಲ್ಲಿಯ ಪಾಕಶಾಸ್ತ್ರ. ಆದ್ದರಿಂದ ಇಲ್ಲಿ ಮುಖ್ಯ ಬಾಣಸಿಗನೆಂದರೆ ಮೊದಲಿಗೆ ಒಬ್ಬ ಚತುರ ಕೊಳ್ಳುಗ. ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ದೀರ್ಘಕಾಲ ಮುಖ್ಯ ಬಾಣಸಿಗರಾಗಿದ್ದ ಸ್ಯಾಂಡಿ ಇಂಗ್ಬರ್ 1990ರಲ್ಲಿ ಅಲ್ಲಿಗೆ ಸೇರಿದ್ದು ಮೀನು ಕೊಳ್ಳುವ ಕೆಲಸಕ್ಕೆ. ನಸುಕಿನಲ್ಲಿ ಫುಲ್ಟನ್ ಮೀನು ಮಾರುಕಟ್ಟೆಗೆ ಹೋಗಿ ತಾವೇ ಆರಿಸುವ ಪದ್ಧತಿಯನ್ನು ಅವರು ಬಾಣಸಿಗರಾದ ಮೇಲೂ ಬಿಡಲಿಲ್ಲ. ಮ್ಯಾನ್‌ಹಾಟನ್ನಿನ ದಕ್ಷಿಣ ತುದಿಯಲ್ಲಿ 1822ರಿಂದ ಇದ್ದ ಆ ಮಾರುಕಟ್ಟೆ 2005ರಲ್ಲಿ ಬ್ರಾಂಕ್ಸ್‌ಗೆ ಸ್ಥಳಾಂತರವಾಯಿತು. ಡೌನಿಂಗನ ನಸುಕಿನ ದೋಣಿಗೂ ಇದಕ್ಕೂ ಇರುವ ಸಾಮ್ಯವನ್ನು ಗಮನಿಸಬೇಕು.

ಕೌಂಟರಿನಲ್ಲಿ ಗಿರಾಕಿಗೆ ಎದುರಾಗುವವನು ಚಿಪ್ಪು ಬಿಡಿಸುವವನು, ಇಂಗ್ಲಿಷಿನಲ್ಲಿ ಶಕ್ಕರ್. ಅವನ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಆಯ್ಸ್ಟರಿನ ಕೆಳಚಿಪ್ಪು ಬಟ್ಟಲಿನಂತೆ ಗುಳಿಯಾಗಿಯೂ ಮೇಲ್ಚಿಪ್ಪು ಚಪ್ಪಟೆಯಾಗಿಯೂ ಇರುತ್ತದೆ. ಗುಳಿಯ ಭಾಗವನ್ನು ಕೆಳಗಿಟ್ಟು, ಚೂಪಾದ ತುದಿಯಲ್ಲಿರುವ ಕೀಲಿಗೆ ಮೊಂಡು ಅಲಗಿನ ಗಿಡ್ಡ ಚಾಕುವನ್ನು ತೂರಿಸಿ ತಿರುಚಬೇಕು. ಬಲಪ್ರಯೋಗಕ್ಕಿಂತ ಸಂದು ಹುಡುಕುವ ಜಾಣ್ಮೆ ಮುಖ್ಯ. ಕೀಲು ಬಿಟ್ಟೊಡನೆ ಅಲಗನ್ನು ಮೇಲ್ಚಿಪ್ಪಿನ ಒಳಮೈಗೆ ಒತ್ತಿ ಹಾಯಿಸಿ, ಎರಡು ಕವಾಟಗಳನ್ನು ಬಿಗಿಹಿಡಿದಿರುವ ಸ್ನಾಯುವನ್ನು ಕತ್ತರಿಸುತ್ತಾರೆ. ಅನಂತರ ಕೆಳಭಾಗದಿಂದಲೂ ಬಿಡಿಸುತ್ತಾರೆ. ಮೈ ಹರಿಯಬಾರದು, ಚಿಪ್ಪಿನ ಚೂರು ಬೀಳಬಾರದು, ಒಳಗಿನ ಉಪ್ಪುನೀರು ಚೆಲ್ಲಬಾರದು. ಆ ನೀರಿನಲ್ಲಿಯೇ ಅರ್ಧ ರುಚಿ. ಐರ್ಲೆಂಡಿನ ಗಾಲ್ವೇ ನಗರದಲ್ಲಿ 1954ರಿಂದ ನಡೆದುಬಂದಿರುವ ಆಯ್ಸ್ಟರ್ ಉತ್ಸವದಲ್ಲಿ ಈ ಕೌಶಲಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯೇ ಇದೆ.

ಪ್ರತಿಯೊಂದನ್ನೂ ಬಿಡಿಸುವಾಗ ಅವನು ನೋಡುತ್ತಾನೆ, ಮೂಸುತ್ತಾನೆ. ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚಿಕೊಳ್ಳದ ಆಯ್ಸ್ಟರ್ ಸತ್ತಿರುತ್ತದೆ. ಅದನ್ನು ಬಡಿಸುವಂತಿಲ್ಲ. ಹಸಿಯಾಗಿ ತಿನ್ನುವ ಆಯ್ಸ್ಟರ್ ಬಿಡಿಸುವ ಗಳಿಗೆಯವರೆಗೂ ಜೀವಂತವಾಗಿರಬೇಕೆಂಬುದೇ ಈ ಉದ್ಯಮದ ಮೂಲ ನಿಯಮ. ಇದು ಅನೇಕ ಓದುಗರಿಗೆ ಇರುಸುಮುರುಸು ತರಬಹುದು. ಆದರೆ ಹೊರಗಿಟ್ಟ ತುಂಡು ಮೀನಿಗಿಂತ ಇದೇ ಹೆಚ್ಚು ಭದ್ರವೆಂಬುದು ಇದರ ಹಿಂದಿನ ತರ್ಕ.

ಕೌಂಟರಿನಲ್ಲಿ ಕುಳಿತವರು ಮಾತನಾಡುವುದು ಅಧಿಕಪ್ರಸಂಗವೆನಿಸುವುದಿಲ್ಲ. ಕೇಳದೆ ತಿನ್ನುವವರೇ ಅಲ್ಲಿ ಅಪರೂಪ. ಇಂದು ಯಾವುದು ಚೆನ್ನಾಗಿದೆ, ಯಾವ ಕೊಲ್ಲಿಯದು, ಯಾವ ದಿನ ಎತ್ತಿದ್ದು ಎಂಬ ಮೂರು ಪ್ರಶ್ನೆಗಳು ಸಾಮಾನ್ಯ. ಮೂರನೆಯದಕ್ಕೆ ಉತ್ತರ ಚೀಟಿಯಲ್ಲಿದೆ. ಅದನ್ನು ತೋರಿಸಿರೆಂದು ಕೇಳುವುದರಲ್ಲಿ ತಪ್ಪಿಲ್ಲ. ತೋರಿಸಲು ಹಿಂಜರಿಯುವ ಕಡೆ ಹಸಿ ಆಯ್ಸ್ಟರ್ ತಿನ್ನದಿರುವುದು ಲೇಸು. ಮೊದಲ ಬಾರಿಗೆ ಬಂದವರು ಅದನ್ನು ಮುಚ್ಚಿಡಬೇಕಾಗಿಲ್ಲ. ಅನುಭವಿ ಬಿಡಿಸುಗನು ಅಂಥವರಿಗೆ ಸಣ್ಣದಾದ, ಉಪ್ಪು ಕಡಿಮೆಯಿರುವ ಬಗೆಗಳನ್ನು ಮೊದಲು ಕೊಟ್ಟು, ಆಮೇಲೆ ತೀಕ್ಷ್ಣವಾದವುಗಳ ಕಡೆಗೆ ಒಯ್ಯುತ್ತಾನೆ.

ರುಚಿ ಮತ್ತು ಊರಿನ ಹೆಸರು

ಗ್ರ್ಯಾಂಡ್ ಸೆಂಟ್ರಲ್‌ನಂಥ ಕಡೆ ದಿನದ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿರುತ್ತವೆ. ಇವು ಅಷ್ಟು ಬೇರೆ ಬೇರೆ ಜಾತಿಗಳೆಂದು ತಿಳಿಯಬಾರದು. ಅಮೆರಿಕದಲ್ಲಿ ತಿನ್ನುವ ಆಯ್ಸ್ಟರುಗಳೆಲ್ಲ ಮುಖ್ಯವಾಗಿ ಐದು ಜಾತಿಗಳಿಗೆ ಸೇರಿದವು: ಪೂರ್ವ ಕರಾವಳಿಯ ವರ್ಜಿನಿಕಾ, ಜಪಾನಿನಿಂದ ತಂದು ಪಶ್ಚಿಮ ಕರಾವಳಿಯಲ್ಲಿ ಬೆಳೆಸುವ ಪೆಸಿಫಿಕ್, ಅದೇ ಮೂಲದ ಪುಟ್ಟ ಕುಮಾಮೊಟೊ, ಪಶ್ಚಿಮದ ಸ್ಥಳೀಯ ಒಲಿಂಪಿಯಾ, ಯುರೋಪಿನ ಚಪ್ಪಟೆ ಆಯ್ಸ್ಟರ್. ಉಳಿದ ಹೆಸರುಗಳೆಲ್ಲ ಊರಿನವು. ಬ್ಲೂ ಪಾಯಿಂಟ್ ಲಾಂಗ್ ಐಲ್ಯಾಂಡಿನದು, ವೆಲ್‌ಫ್ಲೀಟ್ ಮ್ಯಾಸಚೂಸೆಟ್ಸ್‌ನದು, ಮಾಲ್ಪೆಕ್ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ್ದು. ಮೂರೂ ಒಂದೇ ಜಾತಿ. ಆದರೆ ನೀರಿನ ಉಪ್ಪು, ತಂಪು, ಪಾಚಿ, ಉಬ್ಬರವಿಳಿತಗಳು ಬೇರೆಯಾದುದರಿಂದ ರುಚಿ ಬೇರೆ. ನಂಜನಗೂಡಿನ ರಸಬಾಳೆಗೆ ಅಲ್ಲಿನ ಮಣ್ಣು ಹೇಗೋ ಹಾಗೆ. ಹೆಸರಿಗೆ ಬೆಲೆಯಿದ್ದ ಕಡೆ ಕಳ್ಳಹೆಸರೂ ಹುಟ್ಟುತ್ತದೆ. ಎಲ್ಲಿಯದೋ ಆಯ್ಸ್ಟರನ್ನು ಬ್ಲೂ ಪಾಯಿಂಟ್ ಎಂದು ಮಾರುವುದನ್ನು ತಡೆಯಲು ನ್ಯೂಯಾರ್ಕ್ ರಾಜ್ಯ 1908ರಲ್ಲಿಯೇ ಕಾನೂನು ಮಾಡಬೇಕಾಯಿತು.

ಇಂಗ್ಲಿಷಿನಲ್ಲಿ ಹೆಸರಿನೊಳಗೆ ಆರ್ ಅಕ್ಷರವಿರುವ ತಿಂಗಳುಗಳಲ್ಲಿ, ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಮಾತ್ರ ಆಯ್ಸ್ಟರ್ ತಿನ್ನಬೇಕೆಂಬ ಹಳೆಯ ಮಾತೊಂದಿದೆ. ಬೇಸಿಗೆಯಲ್ಲಿ ಆಯ್ಸ್ಟರ್ ಸಂತಾನೋತ್ಪತ್ತಿಯಲ್ಲಿ ತೊಡಗಿ ಮೈ ಸಡಿಲವಾಗುವುದೂ ಬೆಚ್ಚಗಿನ ನೀರಿನಲ್ಲಿ ರೋಗಾಣು ಹೆಚ್ಚುವುದೂ ಇದಕ್ಕೆ ಕಾರಣ. ಶೈತ್ಯೀಕರಣ ಮತ್ತು ಬೀಜಕಟ್ಟದ ತಳಿಗಳಿಂದಾಗಿ ಈಗ ಈ ನಿಯಮ ಸಡಿಲವಾಗಿದೆ.

ಬಡಿಸುವಾಗ ಜೊತೆಗೆ ನಿಂಬೆಹೋಳು, ಮುಲ್ಲಂಗಿಯ ಜಾತಿಯ ಖಾರದ ಗೆಡ್ಡೆಯ ತುರಿ, ಟೊಮೆಟೊ ಸಾಸು, ಸಣ್ಣ ಈರುಳ್ಳಿ ಹಾಗೂ ಕಾಳುಮೆಣಸು ಹಾಕಿದ ವಿನೆಗರ್ ಇರುತ್ತವೆ. ಮೊದಲನೆಯದನ್ನು ಏನೂ ಹಾಕದೆ ತಿನ್ನಬೇಕೆಂಬುದು ಬಲ್ಲವರ ಅಭಿಪ್ರಾಯ. ಚಿಪ್ಪನ್ನೇ ತುಟಿಗೆ ಹಿಡಿದು ನೀರಿನ ಸಮೇತ ಸುರಿದುಕೊಳ್ಳುವುದು ಅಲ್ಲಿ ಅಸಭ್ಯವಲ್ಲ.

ಆರೋಗ್ಯದ ಎಚ್ಚರಿಕೆ

ವಿಷಮಶೀತ ಜ್ವರದ ಭಯ ಹೋದರೂ ಅಪಾಯ ಪೂರ್ತಿ ಹೋಗಿಲ್ಲ. ಬೆಚ್ಚಗಿನ ಕಡಲನೀರಿನಲ್ಲಿ ಸಹಜವಾಗಿ ಇರುವ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಕೊಳಚೆಯಿಂದ ಬರುವುದಲ್ಲ. ಆದುದರಿಂದ ನೀರು ಶುದ್ಧವಾಗಿದ್ದರೂ ಅದು ಇರಬಹುದು. ಯಕೃತ್ತಿನ ಕಾಯಿಲೆ, ಮಧುಮೇಹ ಅಥವಾ ರೋಗನಿರೋಧಕ ಶಕ್ತಿಯ ಕೊರತೆ ಇರುವವರಿಗೆ ಅದು ಪ್ರಾಣಾಂತಿಕವಾಗಬಲ್ಲದು. ನಿಂಬೆರಸ, ಖಾರದ ಸಾಸು, ಮದ್ಯ ಇವು ರೋಗಾಣುವನ್ನು ಕೊಲ್ಲುತ್ತವೆಂಬುದು ತಪ್ಪು ನಂಬಿಕೆ. ಕೊಲ್ಲುವುದು ಬೇಯಿಸುವುದರಿಂದ ಮಾತ್ರ. ಕ್ಯಾಲಿಫೋರ್ನಿಯಾ ರಾಜ್ಯವು 2003ರಲ್ಲಿ, ಮೆಕ್ಸಿಕೊ ಕೊಲ್ಲಿಯ ಆಯ್ಸ್ಟರನ್ನು ಬೆಚ್ಚಗಿನ ತಿಂಗಳುಗಳಲ್ಲಿ ಸಂಸ್ಕರಿಸದೆ ಹಸಿಯಾಗಿ ಮಾರುವುದನ್ನು ನಿಷೇಧಿಸಿತು. ಮೇಲೆ ಹೇಳಿದ ಕಾಯಿಲೆಗಳುಳ್ಳವರು ಬಾಣಸಿಗನಿಗೆ ಅದನ್ನು ಮುಂಚಿತವಾಗಿ ತಿಳಿಸಿ ಬೇಯಿಸಿದ ಬಗೆಯನ್ನೇ ಕೇಳುವುದು ಸರಿ. ವಾಸನೆ ಚೆನ್ನಾಗಿದ್ದರೆ ಸಾಕೆಂದು ಭಾವಿಸುವಂತಿಲ್ಲ. ಈ ರೋಗಾಣುವಿಗೆ ವಾಸನೆಯಿಲ್ಲ. ಎಂಥ ನುರಿತ ಬಿಡಿಸುಗನಿಗೂ ಅದು ಕಾಣಿಸದು.

ಇತರ ನಗರಗಳು

ಅಮೆರಿಕದ ಅತಿ ಹಳೆಯ ಭೋಜನಶಾಲೆಗಳಲ್ಲಿ ಒಂದಾದ ಬಾಸ್ಟನ್ನಿನ ಯೂನಿಯನ್ ಆಯ್ಸ್ಟರ್ ಹೌಸ್ 1826ರಿಂದ ನಡೆಯುತ್ತಿದೆ. 2003ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾಯಿತು. ರಾಜಕಾರಣಿ ಡೇನಿಯಲ್ ವೆಬ್‌ಸ್ಟರ್ ಅದರ ಅರ್ಧವರ್ತುಲಾಕಾರದ ಕೌಂಟರಿನಲ್ಲಿ ನಿತ್ಯವೂ ತಟ್ಟೆಗಟ್ಟಲೆ ಆಯ್ಸ್ಟರ್ ತಿನ್ನುತ್ತಿದ್ದನೆಂಬ ಐತಿಹ್ಯವಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ 1910ರ ಆಕ್ಮೆ, 1919ರ ಕ್ಯಾಸಮೆಂಟೋಸ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1912ರ ಸ್ವಾನ್ ಆಯ್ಸ್ಟರ್ ಡಿಪೊ, ಲಂಡನ್ನಿನಲ್ಲಿ 1916ರ ಬೆಂಟ್ಲೀಸ್ ಪ್ರಸಿದ್ಧವಾಗಿವೆ. ಪ್ಯಾರಿಸ್‌ನಲ್ಲಿ ಬಿಡಿಸುವವರು ಚಳಿಗಾಲದಲ್ಲಿ ಭೋಜನಶಾಲೆಯ ಹೊರಗೆ ಬೀದಿಯ ಅಂಚಿನಲ್ಲಿಯೇ ನಿಂತು ಕೆಲಸ ಮಾಡುತ್ತಾರೆ.

ಕರ್ನಾಟಕದ ಕರಾವಳಿಯಲ್ಲಿ ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್ ಎಂಬ ಜಾತಿಯ ಆಯ್ಸ್ಟರ್ ಕಾಳಿ ಮೊದಲಾದ ನದಿಗಳ ಅಳಿವೆಗಳಲ್ಲಿ ಬಂಡೆಗಳಿಗೆ ಅಂಟಿಕೊಂಡಿರುತ್ತದೆ. ಕೊಂಕಣಿಯಲ್ಲಿ ಇದಕ್ಕೆ ಕಾಲ್ವಾಂ ಎನ್ನುತ್ತಾರೆ. ಇಲ್ಲಿ ಅದನ್ನು ಹಸಿಯಾಗಿ ತಿನ್ನುವ ರೂಢಿಯಿಲ್ಲ. ತೆಂಗಿನತುರಿ, ಮಸಾಲೆ ಹಾಕಿ ಬೇಯಿಸಿಯೇ ತಿನ್ನುತ್ತಾರೆ. ತುಳುವಿನ ಮರುವಾಯಿ, ಕುಮಟಾ ಕಡೆಯ ಬಳಚು ಇವು ಮರಳು ಕೆಸರಿನಲ್ಲಿ ಹುದುಗಿರುವ ಬೇರೆ ಚಿಪ್ಪುಜೀವಿಗಳು. ಅವುಗಳನ್ನು ಆಯ್ಸ್ಟರ್ ಎಂದು ಅನುವಾದಿಸುವುದು ಸರಿಯಲ್ಲ.

ಚಿಪ್ಪುಗಳ ಮರಳಿಕೆ

ಅಮೆರಿಕದಲ್ಲಿ 1972ರ ಶುದ್ಧಜಲ ಕಾಯ್ದೆ ಬಂದ ಮೇಲೆ ನ್ಯೂಯಾರ್ಕ್ ಕೊಲ್ಲಿಯ ನೀರು ಕ್ರಮೇಣ ಸುಧಾರಿಸಿತು. ಅಲ್ಲಿ ಆಯ್ಸ್ಟರ್ ದಿಬ್ಬಗಳನ್ನು ಮತ್ತೆ ಎಬ್ಬಿಸಲು 2014ರಲ್ಲಿ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್ ಎಂಬ ಸಂಸ್ಥೆ ಆರಂಭವಾಯಿತು. 2035ರ ಹೊತ್ತಿಗೆ ನೂರು ಕೋಟಿ ಆಯ್ಸ್ಟರುಗಳನ್ನು ಕೊಲ್ಲಿಗೆ ಸೇರಿಸುವುದು ಅದರ ಗುರಿ. ಗವರ್ನರ್ಸ್ ದ್ವೀಪದಲ್ಲಿರುವ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳು ಮರಿ ಬೆಳೆಸುವುದು, ನೀರಿಗಿಳಿದು ಅಳೆಯುವುದು ಮುಂತಾದ ಕೆಲಸಗಳಲ್ಲಿ ಪಾಲ್ಗೊಳ್ಳುತ್ತಾರೆ. ಪಾಠವನ್ನು ಹೀಗೂ ಕಲಿಸಬಹುದೆಂಬುದು ಶಿಕ್ಷಕರು ಗಮನಿಸಬೇಕಾದ ಸಂಗತಿ.

ಮರಿಗಳು ಅಂಟಿಕೊಳ್ಳಲು ಹಳೆಯ ಚಿಪ್ಪೇ ಉತ್ತಮ ಆಸರೆ. ಆದುದರಿಂದ ನಗರದ ಭೋಜನಶಾಲೆಗಳಲ್ಲಿ ತಿಂದು ಉಳಿದ ಚಿಪ್ಪುಗಳನ್ನು ಸಂಗ್ರಹಿಸಿ, ಸುಮಾರು ಒಂದು ವರ್ಷ ಬಯಲಿನಲ್ಲಿ ಬಿಸಿಲು ಮಳೆಗೆ ಒಡ್ಡಿ ಶುದ್ಧಗೊಳಿಸಿ, ಅವುಗಳ ಮೇಲೆ ಮರಿಗಳನ್ನು ಕೂರಿಸಿ ಕೊಲ್ಲಿಗೆ ಇಳಿಸಲಾಗುತ್ತದೆ. ಹೀಗೆ ಬೆಳೆದ ಆಯ್ಸ್ಟರನ್ನು ತಿನ್ನುವುದು ಕಾನೂನಿನ ಪ್ರಕಾರ ನಿಷಿದ್ಧ. ಮಳೆ ಜೋರಾದಾಗ ನಗರದ ಚರಂಡಿಗಳು ತುಂಬಿ ಹರಿದು ಈಗಲೂ ಕೊಲ್ಲಿಗೆ ಸೇರುತ್ತವೆ. ನೀರನ್ನು ಸೋಸುವುದು, ಇತರ ಜಲಚರಗಳಿಗೆ ನೆಲೆಯಾಗುವುದು, ಅಲೆಗಳ ಹೊಡೆತದಿಂದ ದಡವನ್ನು ಕಾಯುವುದು ಇವೇ ಅವುಗಳಿಗೆ ವಹಿಸಿದ ಕೆಲಸ. ನ್ಯೂಯಾರ್ಕಿನ ಕೌಂಟರುಗಳಲ್ಲಿ ಬಡಿಸುವ ಆಯ್ಸ್ಟರ್ ಲಾಂಗ್ ಐಲ್ಯಾಂಡ್, ನ್ಯೂ ಇಂಗ್ಲೆಂಡ್, ಕೆನಡಾ ಮತ್ತು ಪಶ್ಚಿಮ ಕರಾವಳಿಗಳಿಂದ ಬರುತ್ತದೆ.